ಘಟ್ಟದ ಬುಡಕ್ಕೊಂದು ಸೈಕಲ್ ಸವಾರಿ

"ದಿನಾ ಸ್ವಲ್ಪ ನಡೆಯಿರಿ" ಎಂದು ವೈದ್ಯರು ಹೇಳಿದಾಗ ತಲೆಯಾಡಿಸಿ ಬರುತ್ತೀರಿ. ನಾಲ್ಕು ದಿನ ನಡೆಯುತ್ತೀರಿ. ಐದನೆಯ ದಿನ ಮೊಣಕಾಲು ನೋವು, ಆರನೆಯ ದಿನ ಮನೆಗೆ ನೆಂಟರು, ಅಲ್ಲಿಗೆ ಮುಗಿಯಿತು. ಹಾಗಾದರೆ ಮನೆಯ ಹಿಂದಿನ ಶೆಡ್ಡಿನಲ್ಲಿ ಸೌದೆಗೆ ಒರಗಿಸಿಟ್ಟ ಸೈಕಲ್ ಇದೆಯೇ ಎಂದು ಒಮ್ಮೆ ನೋಡಿ. 2006-07ರಿಂದ ಹಲವು ವರ್ಷ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್‌ಗಳು ನಮ್ಮ ಎಷ್ಟೋ ಮನೆಗಳಿಗೆ ಬಂದಿವೆ. ಹೆಣ್ಣುಮಕ್ಕಳು ಎರಡು ಮೂರು ವರ್ಷ ಅದರಲ್ಲಿ ಶಾಲೆಗೆ ಹೋದರು. ಆಮೇಲೆ ಯಾರೂ ಬೇಡ ಎನ್ನದಿದ್ದರೂ ಸೈಕಲ್ ಮೂಲೆ ಸೇರಿತು. ಅವರಲ್ಲಿ ಮೊದಲಿನವರಿಗೆ ಈಗ ಮೂವತ್ತು ದಾಟಿದೆ. ಹೆರಿಗೆಯ ನಂತರ ಏರಿದ ತೂಕ ಇಳಿದಿಲ್ಲ. ಗರ್ಭಿಣಿಯಾಗಿದ್ದಾಗ ಸಕ್ಕರೆ ಅಂಶ ಹೆಚ್ಚಿತ್ತು ಎಂದಾದರೆ ಮುಂದೆ ಮಧುಮೇಹ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಈ ಲೇಖನ ಮುಖ್ಯವಾಗಿ ಅವರಿಗಾಗಿ, ಜೊತೆಗೆ ಅವರ ಮನೆಮಂದಿಗಾಗಿ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಸಿ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೈಕಲ್‌ನಲ್ಲಿ ದೇಹದ ಭಾರವನ್ನು ಸೀಟು ಹೊರುತ್ತದೆ, ಹಾಗಾಗಿ ಮೊಣಕಾಲಿಗೆ ಬೀಳುವ ಹೊರೆ ಕಡಿಮೆ. ತೊಡೆಯ ದೊಡ್ಡ ಸ್ನಾಯುಗಳು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ಆ ಪರಿಣಾಮ ಸೈಕಲ್ ಇಳಿದ ಮೇಲೂ ಸ್ವಲ್ಪ ಕಾಲ ಇರುತ್ತದೆ. ಇದೇ ಕಾರಣಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ನಾಲ್ಕು ಖರ್ಜೂರ ಕಿಸೆಯಲ್ಲಿರಲಿ. ಕೈ ನಡುಗಿ ಬೆವರು ಒಡೆದರೆ ಕೂಡಲೇ ನಿಂತು ತಿನ್ನಿ.

ಸೈಕಲ್ ತುಳಿಯಲು ನಮಗೆ ಭಯವಿಲ್ಲ, ಭಯವಿರುವುದು ರಸ್ತೆಯದ್ದು. ಹಿಂದಿನಿಂದ ಬರುವ ಟಿಪ್ಪರ್, ಎದುರಿನಿಂದ ಓವರ್‌ಟೇಕ್ ಮಾಡುವ ಬಸ್ಸು. ಈ ಭಯ ಸುಳ್ಳಲ್ಲ. ಆದ್ದರಿಂದ ಹೆದ್ದಾರಿಯಲ್ಲಿ ಧೈರ್ಯ ತಂದುಕೊಳ್ಳಿ ಎಂದು ಹೇಳುವುದಿಲ್ಲ. ಹೆದ್ದಾರಿಯನ್ನೇ ಬಿಡಿ. ವಾಹನಗಳು ಹೆಚ್ಚಾಗಿ ಓಡುವುದು ಒಂದು ಊರನ್ನು ಇನ್ನೊಂದು ಊರಿಗೆ ಕೂಡಿಸುವ ರಸ್ತೆಯಲ್ಲಿ. ಮುಂದೆ ದಾರಿಯೇ ಇಲ್ಲದ ರಸ್ತೆಗೆ ಆ ಊರಿನವರಲ್ಲದೆ ಯಾರು ಬರುತ್ತಾರೆ? ಪಶ್ಚಿಮ ಘಟ್ಟದ ಬುಡದಲ್ಲಿ ಅಂತಹ ರಸ್ತೆಗಳು ಬೇಕಾದಷ್ಟಿವೆ. ತೋಟಗಳ ನಡುವೆ ಹೋಗಿ, ತೋಡು ದಾಟಿ, ಬೆಟ್ಟದ ಗೋಡೆ ಎದುರಾದಲ್ಲಿ ನಿಂತುಬಿಡುತ್ತವೆ. ಘಾಟಿಯ ಏರು ಇನ್ನೂ ಶುರುವಾಗಿರುವುದಿಲ್ಲ, ಪೇಟೆಯ ಗದ್ದಲ ಹಿಂದೆ ಉಳಿದಿರುತ್ತದೆ.

ಬೆಳ್ತಂಗಡಿ ತಾಲೂಕಿನ ಸೋಮಂತಡ್ಕದಿಂದ ಕಾಜೂರು ಕಡೆಗೆ, ಅಲ್ಲಿಂದ ದಿಡುಪೆಗೆ ಹೋಗುವ ದಾರಿಯನ್ನೇ ನೋಡಿ. ಉಜಿರೆಯಿಂದ ಚಾರ್ಮಾಡಿಗೆ ಹೋಗುವ ಹೆದ್ದಾರಿಯನ್ನು ಸೋಮಂತಡ್ಕದಲ್ಲಿ ಬಿಟ್ಟು ಒಳಗೆ ತಿರುಗಿದರೆ ಸದ್ದು ಬದಲಾಗುತ್ತದೆ. ಅಡಿಕೆ ತೋಟ, ರಬ್ಬರ್, ನಡುನಡುವೆ ಮನೆಗಳು, ಎದುರಿಗೆ ಕುದುರೆಮುಖ ಸಾಲಿನ ಬೆಟ್ಟಗಳು. ದಿಡುಪೆಯಿಂದಾಚೆ ಎಳನೀರು ಘಾಟಿಯ ಕಡಿದಾದ ದಾರಿ, ಅದು ಜೀಪುಗಳಿಗೆ ಬಿಡಿ. ಈ ಬೆಟ್ಟಗಳಲ್ಲಿ ಹುಟ್ಟುವ ಹಳ್ಳಗಳೇ ಸೇರಿ ನೇತ್ರಾವತಿಯಾಗುತ್ತವೆ. ಇನ್ನೊಂದು ದಾರಿ ಬೆಳ್ತಂಗಡಿಯಿಂದ ಲಾಯಿಲ, ನಡ ಮೂಲಕ ಕಿಲ್ಲೂರಿನ ಕಡೆಗೆ. ಈ ದಾರಿಯ ಉದ್ದಕ್ಕೂ ಗಡಾಯಿಕಲ್ಲು ಜೊತೆಗಿರುತ್ತದೆ. ಟಿಪ್ಪು ಸುಲ್ತಾನ್ 1794ರಲ್ಲಿ ಇದರ ಮೇಲೆ ಕಟ್ಟಿಸಿದ ಕೋಟೆಗೆ ತನ್ನ ತಾಯಿಯ ನೆನಪಿನಲ್ಲಿ ಜಮಾಲಾಬಾದ್ ಎಂದು ಹೆಸರಿಟ್ಟ ಎನ್ನುತ್ತಾರೆ. ಮಕ್ಕಳಿಗೆ ಹೇಳಲು ಒಂದು ಕತೆಯಾಯಿತು. ಕೋಟೆ ಹತ್ತುವುದನ್ನು ಮಾತ್ರ ಬೇರೊಂದು ದಿನಕ್ಕೆ ಇಟ್ಟುಕೊಳ್ಳಿ.

ದೂರದಿಂದ ಬರುವವರು ಸೈಕಲ್‌ಗಳನ್ನು ಪಿಕಪ್‌ನಲ್ಲಿ ಹೇರಿ ತಂದು ತಿರುವಿನಲ್ಲೇ ಇಳಿಸಿಕೊಳ್ಳಿ. ಇಂತಹ ರಸ್ತೆಗಳೂ ಎಲ್ಲ ದಿನ ಖಾಲಿಯಿರುವುದಿಲ್ಲ. ಮಳೆಗಾಲದ ಭಾನುವಾರ ಜಲಪಾತ ನೋಡುವವರ ಕಾರುಗಳು ಸಾಲುಗಟ್ಟುತ್ತವೆ, ಕಾಜೂರಿನಲ್ಲಿ ಉರೂಸ್ ನಡೆಯುವ ದಿನಗಳಲ್ಲಂತೂ ಹೇಳುವುದೇ ಬೇಡ. ಶಾಲಾ ವ್ಯಾನುಗಳ ಹೊತ್ತನ್ನೂ ತಪ್ಪಿಸಿ. ಡಿಸೆಂಬರ್, ಜನವರಿಯಲ್ಲಿ ಸುಬ್ಹ್ ನಮಾಝಿನ ನಂತರ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಟು ಹತ್ತು ಗಂಟೆಯೊಳಗೆ ಮುಗಿಸುವುದು ಒಳ್ಳೆಯದು. ಬೆಳಕು ಹರಿದ ಮೇಲೆ ಎಂದದ್ದಕ್ಕೆ ಕಾರಣವಿದೆ. ಈ ಭಾಗದ ತೋಟಗಳಿಗೆ ಕಾಡಾನೆ ಇಳಿಯುತ್ತದೆ. ರಾತ್ರಿ ಆನೆ ಬಂದಿತ್ತೇ ಎಂದು ಮೊದಲ ಗೂಡಂಗಡಿಯಲ್ಲಿ ಕೇಳಿ, ಚಹಾ ಕುಡಿದು ಮುಂದೆ ಹೋಗಿ.

ವೇಗ ಬೇಡ. ಪಕ್ಕದವರೊಡನೆ ಮಾತಾಡುತ್ತಾ ತುಳಿಯಲು ಆಗುವಷ್ಟು ಸಾಕು. ಮಾತಾಡಲು ಉಸಿರು ಸಾಲದಿದ್ದರೆ ನಿಧಾನಿಸಿ. ಮೊದಲ ಸಲ ಹೋಗಿ ಬರುವುದಕ್ಕೆ ಸೇರಿ ಹತ್ತು ಕಿಲೋಮೀಟರ್ ಧಾರಾಳವಾಯಿತು. ಏರು ಬಂದಾಗ ಇಳಿದು ತಳ್ಳಿಕೊಂಡು ಹೋಗಿ, ಅದೂ ವ್ಯಾಯಾಮವೇ. ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಸ್ವಲ್ಪ ಸ್ವಲ್ಪವೇ ಒತ್ತಿ. ಮುಂದಿನದ್ದನ್ನು ಮಾತ್ರ ಗಟ್ಟಿಯಾಗಿ ಹಿಡಿದರೆ ತಲೆಕೆಳಗಾಗಿ ಬೀಳುತ್ತೀರಿ. ಚಕ್ರ ಒದ್ದೆಯಾಗಿದ್ದರೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಸೀಟಿನಲ್ಲಿ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೇರವಾಗಬೇಕು. ಸೀಟು ಅದಕ್ಕಿಂತ ತಗ್ಗಿದ್ದರೆ ಮೊಣಕಾಲು ನೋಯುತ್ತದೆ. ಸೈಕಲ್ ತುಳಿದು ಮೊಣಕಾಲು ಹೋಯಿತು ಎನ್ನುವವರಲ್ಲಿ ಅನೇಕರ ಸೀಟು ತಗ್ಗಿರುತ್ತದೆ.

ಇನ್ನು ಉಡುಪು. ಬುರ್ಖಾ ಹಾಕಿ ಸೈಕಲ್ ಬಿಡುವುದು ಹೇಗೆ ಎಂದು ಕೇಳುವವರಿದ್ದಾರೆ. ಅಪಾಯವಿರುವುದು ಬುರ್ಖಾದಲ್ಲಲ್ಲ, ಮುಚ್ಚಿಗೆಯಿಲ್ಲದ ಚೈನ್ ಮತ್ತು ಬರಿಯ ಕಡ್ಡಿಗಳಲ್ಲಿ. ಲೇಡೀಸ್ ಸೈಕಲ್‌ಗೆ ಚೈನ್ ಕವರ್ ಇರಲಿ, ಹಿಂದಿನ ಚಕ್ರಕ್ಕೆ ಬಲೆ ಹಾಕಿಸಿ. ಕಣಕಾಲಿನವರೆಗೆ ಬರುವ ಅಗಲ ಕಡಿಮೆಯ ಬುರ್ಖಾ, ಒಳಗೆ ಕಾಲ್ಬಾಯಿ ಬಿಗಿಯಿರುವ ಸಲ್ವಾರ್, ಗಾಳಿಗೆ ಹಾರದಂತೆ ಪಿನ್ ಮಾಡಿದ ಶಾಲು ಇದ್ದರಾಯಿತು. ಹೆಲ್ಮೆಟ್ ಹಾಕುವವರಿಗೆ ಸ್ಕಾರ್ಫಿನ ಗಂಟು ಹಿಂಬದಿಯಲ್ಲಿ ದಪ್ಪವಾಗಬಾರದು.

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ನೀರು ಮತ್ತು ಶೌಚದ ಬಗ್ಗೆ. ಪ್ರಯಾಣ ಎಂದರೆ ನಮ್ಮ ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ, ದಾರಿಯಲ್ಲಿ ಎಲ್ಲಿ ಹೋಗುವುದು ಎಂಬ ಚಿಂತೆಯಿಂದ. ಬೆವರುವ ಮೈಗೆ ನೀರು ಸಾಲದಿದ್ದರೆ ತಲೆನೋವು, ಸುಸ್ತು. ಮೂತ್ರ ಕಟ್ಟಿಕೊಂಡೇ ಇದ್ದರೆ ಉರಿಮೂತ್ರ, ಸೋಂಕು. ಹಾಗಾಗಿ ದಾರಿಯನ್ನು ಆರಿಸುವಾಗ ನೋಟ ಚೆನ್ನಾಗಿದೆಯೇ ಎಂದು ಕೇಳುವ ಮೊದಲು ಶೌಚಾಲಯ ಎಲ್ಲಿದೆ ಎಂದು ಕೇಳಿ. ಒಂದು ಗಂಟೆಯ ಸವಾರಿಗೊಂದು ನಿಲುಗಡೆ ಸಿಗುವಂತೆ ಮಸೀದಿ, ಮದ್ರಸ, ನೆಂಟರ ಮನೆ, ಪರಿಚಯದವರ ತೋಟದ ಮನೆ ಇವನ್ನು ಗುರುತಿಸಿಟ್ಟು, ಮುಂಚಿನ ದಿನವೇ ಫೋನ್ ಮಾಡಿ ಹೇಳಿ. ಈ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕುಡಿಯಲು ಮನೆಯಿಂದ ಕುದಿಸಿ ಆರಿಸಿದ ನೀರು ಒಯ್ಯಿರಿ. ತೋಡಿನ ನೀರು ಎಷ್ಟೇ ತಿಳಿಯಾಗಿ ಕಂಡರೂ ಮೇಲೆ ದನಗಳಿವೆ, ಮನೆಗಳಿವೆ. ಅದರಲ್ಲಿ ವುಝೂ ಮಾಡಿ, ಕುಡಿಯಬೇಡಿ.

ಬೆಳ್ತಂಗಡಿಯ ಆಸುಪಾಸಿನವರಿಗೆ ನಮಾಝನ್ನು ಕಸ್ರ್ ಮಾಡಲು ಇಷ್ಟು ದೂರ ಸಾಲದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಮಂಗಳೂರು ಅಥವಾ ಅದರಾಚೆಯಿಂದ ಬರುವವರು ತಮ್ಮ ಖತೀಬರಲ್ಲಿ ಕೇಳಿಕೊಳ್ಳಲಿ. ಕೆಸರು ಸಿಡಿದ ಬಟ್ಟೆಗೆ ಬದಲಾಗಿ ಒಂದು ಜೊತೆ ಬಟ್ಟೆ ಚೀಲದಲ್ಲಿದ್ದರೆ ನಮಾಝಿಗೂ ಆಯಿತು, ಚರ್ಮಕ್ಕೂ ಆಯಿತು. ಬೆವರಿದ ಒಳಉಡುಪಿನಲ್ಲಿ ಗಂಟೆಗಟ್ಟಲೆ ಕುಳಿತರೆ ತೊಡೆಸಂದಿಯಲ್ಲಿ ಉಜ್ಜಿ ಕೆಂಪಾಗುತ್ತದೆ, ಮುಂದೆ ಅಲ್ಲೇ ಹುಳುಕಡ್ಡಿ ಏಳುತ್ತದೆ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಸಂದಿಗಳನ್ನು ಚೆನ್ನಾಗಿ ಒರೆಸಿ ಒಣಗಿಸಿ. ಅಂಗಡಿಯವರು ಹೇಳಿದ ಮುಲಾಮು ಹಚ್ಚಬೇಡಿ. ಸ್ಟಿರಾಯ್ಡ್ ಸೇರಿದ ಮುಲಾಮು ತುರಿಕೆಯನ್ನು ಎರಡು ದಿನ ಅಡಗಿಸಿ ಹುಳುಕಡ್ಡಿಯನ್ನು ಇನ್ನಷ್ಟು ಹಬ್ಬಿಸುತ್ತದೆ.

ಘಟ್ಟದ ಬುಡಕ್ಕೆ ಹೋಗುವವರು ಎರಡು ಜ್ವರಗಳ ಹೆಸರು ತಿಳಿದಿರಬೇಕು. ಒಂದು ಇಲಿಜ್ವರ. ಕಾಲಿನಲ್ಲಿ ಗಾಯವಿದ್ದು, ನಿಂತ ನೀರಿನಲ್ಲಿ ಅಥವಾ ಕೆಸರಿನಲ್ಲಿ ಬರಿಗಾಲಲ್ಲಿ ನಡೆದರೆ ಬರಬಹುದು. ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲ್ಪಟ್ಟ ಇದು 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲೂ ಅನೇಕರನ್ನು ಕಾಡಿತ್ತು. ಇದನ್ನು ಹರಡುವುದು ಕಾಡಿನ ಉಣ್ಣಿ, ಸವಾರಿಗೆ ಹಿತವಾದ ಬೇಸಗೆಯ ತಿಂಗಳುಗಳಲ್ಲೇ ಅದರ ಕಾಟ ಹೆಚ್ಚು. ಟಾರು ರಸ್ತೆಯಲ್ಲಿ ಹೋಗುವವರು ಹೆದರಬೇಕಿಲ್ಲ. ಕಾಡಿನ ತರಗೆಲೆಯ ಮೇಲೆ ಚಾಪೆ ಹಾಸಿ ಊಟಕ್ಕೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಮನೆಗೆ ಬಂದ ಮೇಲೆ ಮಕ್ಕಳ ಕಿವಿ ಹಿಂಬದಿ, ಕಂಕುಳು ನೋಡಿ. ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಎಷ್ಟೋ ಸಲ ವೈರಲ್ ಜ್ವರವೆಂದು ದಿನಗಳು ಕಳೆದುಹೋಗುವುದು ಈ ಮಾತು ಹೇಳದೆ.

ಮಳೆ ಹಿಡಿದ ಮೇಲೆ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಈ ದಾರಿಗಳು ಬೇಡ. 2019ರ ಆಗಸ್ಟ್‌ನಲ್ಲಿ ಇದೇ ಬೆಟ್ಟಗಳಿಂದ ಇಳಿದ ನೀರು ಸೇತುವೆ, ತೋಟ, ಮನೆಗಳನ್ನು ಕೊಚ್ಚಿಕೊಂಡು ಹೋದದ್ದು ಆ ಊರಿನವರಿಗೆ ಇನ್ನೂ ನಿನ್ನೆಯಂತಿದೆ. ರಮಝಾನಿನ ಉಪವಾಸದ ಹಗಲಿನಲ್ಲೂ ದೂರದ ಸವಾರಿ ಇಟ್ಟುಕೊಳ್ಳಬೇಡಿ. ಅಲ್ಲಿಯವರೆಗೆ ಸಂಜೆ ಅಸರ್ ನಂತರ ಮನೆಯ ಹತ್ತಿರದ ಓಣಿಯಲ್ಲಿ ಅಭ್ಯಾಸ ಮಾಡಬಹುದು. ಶೆಡ್ಡಿನಿಂದ ತೆಗೆದ ಸೈಕಲ್‌ಗೆ ಬ್ರೇಕ್ ಕಟ್ಟೆ, ಟ್ಯೂಬು ಮತ್ತು ಚೈನಿಗೆ ಎಣ್ಣೆ ಬೇಕಾಗುತ್ತದೆ. ಸೈಕಲ್ ಶಾಪಿಗೆ ಕೊಡುವಾಗ ಹಿಂದಿನ ಚಕ್ರದ ಬಲೆಯ ವಿಷಯ ಮರೆಯದೆ ಹೇಳಿ.