ಪೈಲಟ್ ಗಡಿಯಾರದೊಳಗಿನ ಸ್ಫಟಿಕ

ಕಪ್ಪು ಡಯಲ್, ದಪ್ಪ ಬಿಳಿ ಅಂಕಿಗಳು ಮತ್ತು ಅಗಲವಾದ ಮುಳ್ಳುಗಳಿರುವ ‘ಪೈಲಟ್’ ಮಾದರಿಯ ಕೈಗಡಿಯಾರಗಳ ಹೊರರೂಪವು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ಜರ್ಮನ್ ವಾಯುಪಡೆಯ ಗಡಿಯಾರಗಳಿಂದ ಬಂದದ್ದು. ವಿಮಾನದ ಮಾರ್ಗವನ್ನು ಲೆಕ್ಕಹಾಕುವವನು ಅರೆಗತ್ತಲೆಯಲ್ಲಿಯೂ ಒಂದೇ ನೋಟಕ್ಕೆ ಸಮಯವನ್ನು ಗ್ರಹಿಸಬೇಕಾಗಿದ್ದುದರಿಂದ, 55 ಮಿಲಿಮೀಟರ್ ವ್ಯಾಸದ ಆ ಗಡಿಯಾರಗಳಲ್ಲಿ ಹನ್ನೆರಡರ ಅಂಕಿಗೆ ಬದಲಾಗಿ ತ್ರಿಕೋನವೊಂದನ್ನು ಬರೆದು, ಕೈಗವಸು ತೊಟ್ಟೇ ತಿರುಗಿಸಬಹುದಾದ ದಪ್ಪ ಗುಂಡಿಯನ್ನು ಜೋಡಿಸಲಾಗುತ್ತಿತ್ತು. ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಜನಪ್ರಿಯ ‘ಪೈಲಟ್’ ಕೂಡ ಕೀಲಿ ಕೊಟ್ಟು ನಡೆಸುವ ಗಡಿಯಾರವೇ. ಇಂದಿನ ಅನೇಕ ಪೈಲಟ್ ಗಡಿಯಾರಗಳಲ್ಲಿ ಮುಖವಷ್ಟೇ ಹಳೆಯದು. ಒಳಗಿರುವುದು ಕ್ವಾರ್ಟ್ಜ್ ಸ್ಫಟಿಕ.

ಕ್ವಾರ್ಟ್ಜ್ ಎಂದರೆ ಸಿಲಿಕಾನ್ ಡೈಆಕ್ಸೈಡ್‌ನ ಹರಳು. ಅದನ್ನು ಒತ್ತಿದಾಗ ಮೇಲ್ಮೈಯಲ್ಲಿ ವಿದ್ಯುದಾವೇಶ ಮೂಡುವುದನ್ನು ಪಿಯರ್ ಕ್ಯೂರಿ ಮತ್ತು ಆತನ ಅಣ್ಣ ಝಾಕ್ 1880ರಲ್ಲಿ ಕಂಡುಹಿಡಿದರು. ಇದರ ವಿಲೋಮವೂ ನಿಜವಾದುದರಿಂದ, ಶ್ರುತಿಕವಲಿನ ಆಕಾರಕ್ಕೆ ಕತ್ತರಿಸಿದ ಸಣ್ಣ ಹರಳಿಗೆ ಸೆಲ್ಲಿನ ವಿದ್ಯುತ್ತನ್ನು ಮಂಡಲವೊಂದರ ಮೂಲಕ ಉಣಿಸಿದಾಗ, ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ ಆಕಸ್ಮಿಕವಲ್ಲ. ಅದನ್ನು ಹದಿನೈದು ಸಲ ಅರ್ಧಿಸಿದರೆ ಸರಿಯಾಗಿ ಒಂದು ಉಳಿಯುತ್ತದೆ, ಮತ್ತು ಅರ್ಧಿಸುವುದು ಎಲೆಕ್ಟ್ರಾನಿಕ್ ಮಂಡಲಕ್ಕೆ ಅತಿ ಸುಲಭದ ಕೆಲಸ. 1969ರ ಡಿಸೆಂಬರ್ 25ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೀಕೋ ಆಸ್ಟ್ರಾನ್‌ನ ಹರಳು 8,192 ಸಲವಷ್ಟೇ ಕಂಪಿಸುತ್ತಿತ್ತು. ಅಲ್ಲಿ ಹದಿಮೂರು ಅರ್ಧಗಳು ಸಾಕಾಗಿದ್ದವು.

ಹರಳಿನ ಕಂಪನ ತಾಪಕ್ಕೆ ಅನುಗುಣವಾಗಿ ಬದಲಾಗುವ ಬಗೆ ವಿಶೇಷ ಗಮನಕ್ಕೆ ಅರ್ಹವಾದುದು. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಂಪನವೇಗವು ಅತ್ಯಧಿಕವಾಗಿದ್ದು, ತಾಪವು ಅಲ್ಲಿಂದ ಏರಿದರೂ ಇಳಿದರೂ ಅದು ಕುಗ್ಗುತ್ತದೆ. ಕುಗ್ಗುವ ಪ್ರಮಾಣವು ತಾಪದ ಅಂತರದ ವರ್ಗವನ್ನು ಅನುಸರಿಸುತ್ತದೆ. ಹೀಗಾಗಿ 5 ಡಿಗ್ರಿ ಚಳಿಯಲ್ಲಿಟ್ಟ ಗಡಿಯಾರ ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಂದೆ ಬೀಳಬಹುದಾದರೆ, ಕಲಬುರಗಿಯ ಬೇಸಿಗೆಯ 42 ಡಿಗ್ರಿಯಲ್ಲಿ ಬಿಟ್ಟದ್ದು ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ಹಿಂದುಳಿಯಬಹುದು. ಮಣಿಕಟ್ಟಿನ ಶಾಖವು ಗಡಿಯಾರವನ್ನು ಅನುಕೂಲದ ತಾಪಕ್ಕೆ ಹತ್ತಿರ ಇರಿಸುವುದರಿಂದ, ಕಪಾಟಿನಲ್ಲಿ ಬಿದ್ದಿರುವ ಗಡಿಯಾರಕ್ಕಿಂತ ಧರಿಸಿದ ಗಡಿಯಾರವೇ ಸಾಮಾನ್ಯವಾಗಿ ಹೆಚ್ಚು ನಿಖರ.

ಹೊರಕವಚದ ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದಕ್ಕೆ ಅದರಲ್ಲಿನ ಕ್ರೋಮಿಯಂ ಕಾರಣ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆಯನ್ನು ಕಟ್ಟುತ್ತದೆ, ಗೀರು ಬಿದ್ದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಗಡಿಯಾರಗಳಲ್ಲಿ ಹೆಚ್ಚಾಗಿ ಬಳಸುವ 316ಎಲ್ ದರ್ಜೆಯಲ್ಲಿ ಬೆವರಿನ ಉಪ್ಪನ್ನು ತಡೆಯಲೆಂದು ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಕೂಡ ಇರುತ್ತದೆ.

ಆದರೆ ಈ ಉಕ್ಕು ಆಯಸ್ಕಾಂತದ ಪ್ರಭಾವವನ್ನು ತಡೆಯಲಾರದು. ಅದಕ್ಕೆ ಹಳೆಯ ಪೈಲಟ್ ಗಡಿಯಾರಗಳ ಕೆಲವು ಮಾದರಿಗಳಲ್ಲಿದ್ದಂತೆ ಮೆದುಕಬ್ಬಿಣದ ಒಳಗೂಡು ಬೇಕಾಗುತ್ತದೆ. ಹರಳಿಗೆ ಆಯಸ್ಕಾಂತದ ಭಯವಿಲ್ಲ, ಆದರೆ ಮುಳ್ಳುಗಳನ್ನು ಮುಂದೂಡುವ ಮೋಟಾರಿನ ತಿರುಗುವ ಭಾಗವೇ ಒಂದು ಪುಟ್ಟ ಆಯಸ್ಕಾಂತವಾದುದರಿಂದ, ಬಲವಾದ ಸ್ಪೀಕರಿನ ಪಕ್ಕದಲ್ಲಿಟ್ಟರೆ ಅದು ನಿಂತುಬಿಡಬಹುದು. ದೂರ ಸರಿಸಿದೊಡನೆ ಅದು ಸಾಮಾನ್ಯವಾಗಿ ಮತ್ತೆ ನಡೆಯುತ್ತದೆ, ಕಳೆದ ನಿಮಿಷಗಳನ್ನಷ್ಟೇ ತಿದ್ದಿಕೊಳ್ಳಬೇಕು; ಕೀಲಿ ಗಡಿಯಾರದ ಉಕ್ಕಿನ ಕೂದಲುಸುರುಳಿ ಕಾಂತತ್ವ ಪಡೆದರೆ ಮಾತ್ರ, ಅದನ್ನು ಕಳೆಯುವವರೆಗೆ ಗಡಿಯಾರ ತಪ್ಪಾಗಿಯೇ ಓಡುತ್ತಿರುತ್ತದೆ.