ಜೈನಶಾಸ್ತ್ರದಲ್ಲಿ ದೂರಶಿಕ್ಷಣ ಪದವಿ: ಶುಲ್ಕ ಕಟ್ಟುವ ಮೊದಲು ನೋಡಬೇಕಾದದ್ದು



ನಮ್ಮ ಊರಿನ ಬಸದಿಯಲ್ಲಿ ಭಾನುವಾರದ ಪಾಠಶಾಲೆ ನೋಡಿಕೊಳ್ಳುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ತಂದೆತಾಯಿಗಳು, ಮನೆಯಲ್ಲಿರುವ ಸೊಸೆಯಂದಿರು, ನಿವೃತ್ತರಾದವರು ಬಂದು ಕೇಳುವುದು ಒಂದೇ ಮಾತು: "ಮನೆಯಲ್ಲೇ ಓದಿ ಜೈನಶಾಸ್ತ್ರದಲ್ಲಿ ಎಂ.ಎ. ಮಾಡಬಹುದಂತಲ್ಲ, ಯಾವುದಕ್ಕೆ ಸೇರುವುದು?" ನಾನು ಪಿಯುಸಿ ಓದಿದ ದವಸದ ವ್ಯಾಪಾರಿ, ಪಂಡಿತನಲ್ಲ. ಆದರೂ ಈ ವಿಷಯವನ್ನು ವಿಚಾರಿಸಿ ತಿಳಿದುಕೊಳ್ಳಲು ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳು ಒಂದು ಕರಪತ್ರ ತಂದು, "ಮಾವ, ಇದಕ್ಕೆ ಸೇರಲಾ?" ಎಂದು ಕೇಳಿದಳು. ಮೇಲೆ ತೀರ್ಥಂಕರರ ಚಿತ್ರ, ಕೆಳಗೆ 'ಎಂ.ಎ. ಜೈನಾಲಜಿ, ಅಂಚೆ ಮೂಲಕ' ಎಂಬ ಬರಹ. ಚಿತ್ರ ನೋಡಿಯೇ ನಾನು ಕೈಮುಗಿದೆ, ಶುಲ್ಕವನ್ನೂ ನಾನೇ ಕೊಟ್ಟೆ. ಮಗು ಮಲಗಿದ ಮೇಲೆ ರಾತ್ರಿ ಕೂತು ಅವಳು ಎರಡು ವರ್ಷ ಓದಿದಳು, ಒಳ್ಳೆಯ ಅಂಕ ಬಂತು. ಮುಂದೆ ಪಿಎಚ್.ಡಿ.ಗೆ ಅರ್ಜಿ ಹಾಕಿದಾಗ, ಆ ಸಂಸ್ಥೆಗೆ ಪದವಿ ಕೊಡುವ ಅಧಿಕಾರವೇ ಇಲ್ಲ ಎಂದು ತಿರಸ್ಕರಿಸಿದರು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂಗಡಿಗೆ ಬಂದ ಮೂಟೆಯಿಂದ ಒಂದು ಹಿಡಿ ಅಕ್ಕಿ ತೆಗೆದು ನೋಡದೆ ಹಣ ಕೊಡದವನು, ಮಗಳ ಎರಡು ವರ್ಷವನ್ನು ಏನೂ ನೋಡದೆ ಕೊಟ್ಟುಬಿಟ್ಟೆನಲ್ಲ ಎಂಬ ನೋವು ಈಗಲೂ ಇದೆ. ಬೇರೆ ಮನೆಯಲ್ಲಿ ಹೀಗಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ಜ್ಞಾನ ಬೇಕೋ, ಪದವಿ ಬೇಕೋ?

ಸ್ವಾಧ್ಯಾಯಕ್ಕಾಗಿ ಓದುವವರಿಗೆ ಪದವಿಯ ಅಗತ್ಯವಿಲ್ಲ. ತತ್ತ್ವಾರ್ಥಸೂತ್ರ, ದ್ರವ್ಯಸಂಗ್ರಹದಂಥ ಗ್ರಂಥಗಳನ್ನು ಬಲ್ಲವರ ಬಳಿ ಕ್ರಮವಾಗಿ ಓದಿದರೆ ಸಾಕು. ಟ್ರಸ್ಟುಗಳು ಮತ್ತು ಪರೀಕ್ಷಾ ಮಂಡಳಿಗಳು ಕೊಡುವ ಪ್ರಮಾಣಪತ್ರ ಇಂಥವರಿಗೆ ಒಳ್ಳೆಯ ದಾರಿ. ಖರ್ಚೂ ಕಡಿಮೆ.

ಕೆಲಸ, ಬಡ್ತಿ ಅಥವಾ ಪಿಎಚ್.ಡಿ. ಗುರಿಯಾಗಿದ್ದರೆ ಮಾತ್ರ ಪದವಿ ಬೇಕು. ಪದವಿ ಕೊಡುವ ಅಧಿಕಾರ ಇರುವುದು ಕಾಯ್ದೆಯ ಪ್ರಕಾರ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ, ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ಆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. 1956ರ ಯುಜಿಸಿ ಕಾಯ್ದೆ ಹೇಳುವುದು ಇದನ್ನೇ. ಟ್ರಸ್ಟ್ ಎಷ್ಟೇ ದೊಡ್ಡದಿರಲಿ, ಅದರ ಹಿಂದೆ ಎಷ್ಟೇ ಪೂಜ್ಯರಿರಲಿ, ಅದು ತಾನಾಗಿ ಎಂ.ಎ. ಕೊಡಲು ಬರುವುದಿಲ್ಲ. ಹೆಸರಿನಲ್ಲಿ 'ಜೈನ್' ಎಂದಿರುವ ವಿದ್ಯಾಸಂಸ್ಥೆಗಳೆಲ್ಲ ಜೈನಶಾಸ್ತ್ರವನ್ನೇ ಕಲಿಸುತ್ತವೆ ಎಂದೂ ತಿಳಿಯಬೇಡಿ.

ಮಾನ್ಯತೆ ನೋಡುವ ಬಗೆ

ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು. ದೂರಶಿಕ್ಷಣಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪ್ರತ್ಯೇಕವಾಗಿ ಅನುಮತಿ ಕೊಡುತ್ತದೆ. ಅದರ ಜಾಲತಾಣದಲ್ಲಿ ಪಟ್ಟಿ ಸಿಗುತ್ತದೆ. ಅಲ್ಲಿ ನಾಲ್ಕು ಸಂಗತಿ ನೋಡಿ:

1. ವಿಶ್ವವಿದ್ಯಾಲಯದ ಹೆಸರು.
2. ನೀವು ಸೇರುವ ಕೋರ್ಸಿನ ಹೆಸರು. ಒಂದು ಕೋರ್ಸಿಗೆ ಅನುಮತಿ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು.
3. ವಿಧಾನ. ದೂರಶಿಕ್ಷಣ ಬೇರೆ, ಆನ್‌ಲೈನ್ ಬೇರೆ. ಮೊದಲನೆಯದರಲ್ಲಿ ಪುಸ್ತಕ, ಸಂಪರ್ಕ ತರಗತಿ ಇರುತ್ತವೆ. ಎರಡನೆಯದರಲ್ಲಿ ಪಾಠವೆಲ್ಲ ಅಂತರ್ಜಾಲದಲ್ಲೇ. ಎರಡಕ್ಕೂ ಅನುಮತಿ ಬೇರೆ ಬೇರೆ.
4. ನೀವು ಸೇರುತ್ತಿರುವ ವರ್ಷ ಮತ್ತು ಅವಧಿ. ಹೋದ ವರ್ಷದ ಪಟ್ಟಿ ಈ ವರ್ಷಕ್ಕೆ ನಡೆಯುವುದಿಲ್ಲ.

ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೇ ಕೆಲವು ವರ್ಷ ಮಾನ್ಯತೆ ಇಲ್ಲದೆ ಹೋಗಿ, 2018ರಲ್ಲಿ ಮರಳಿ ಸಿಕ್ಕಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡು ರಾಜ್ಯದವರಿಗೆಲ್ಲ ಗೊತ್ತಿದೆ.

ದೂರಶಿಕ್ಷಣಕ್ಕೆ ಸೇರುವವರು ಈಗ ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆಯನ್ನು ಮಾಡಿಸಿಕೊಳ್ಳಬೇಕು. ಅದನ್ನು ವಿದ್ಯಾರ್ಥಿಯೇ ಮಾಡಿಕೊಳ್ಳಲಿ. "ಎಲ್ಲ ನಾವೇ ಮಾಡಿಕೊಡುತ್ತೇವೆ, ಒಟಿಪಿ ಹೇಳಿ" ಎನ್ನುವ ಮಧ್ಯವರ್ತಿಗಳಿಂದ ದೂರವಿರಿ. ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಹೀಗೆ ಅನುಮತಿ ಇರುವ ದೂರಶಿಕ್ಷಣ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಪಿಎಚ್.ಡಿ.ಯನ್ನು ದೂರಶಿಕ್ಷಣದಲ್ಲಿ ಮಾಡುವಂತಿಲ್ಲ. ಹಾಗೆ ಮಾಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಎಲ್ಲಿ ಓದಬಹುದು?

ಜೈನಶಾಸ್ತ್ರದ ದೂರಶಿಕ್ಷಣದಲ್ಲಿ ಹೆಚ್ಚು ಕೇಳಿಬರುವ ಹೆಸರು ರಾಜಸ್ಥಾನದ ಲಾಡನೂಂನ ಜೈನ ವಿಶ್ವ ಭಾರತಿ ಸಂಸ್ಥಾನ. ಆಚಾರ್ಯ ತುಲಸಿಯವರ ಪ್ರೇರಣೆಯಿಂದ ಬೆಳೆದ ಈ ಸಂಸ್ಥೆಗೆ 1991ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಜೈನದರ್ಶನವನ್ನು ಬೇರೆ ಧರ್ಮ-ದರ್ಶನಗಳ ಜೊತೆಗಿಟ್ಟು ಕಲಿಸುವ ಎಂ.ಎ. ಅಲ್ಲಿಯದು. ಪಾಠ ಕನ್ನಡದಲ್ಲಿ ಇರುವುದಿಲ್ಲ, ಹಿಂದಿ ಅಥವಾ ಇಂಗ್ಲಿಷ್ ಸರಾಗವಾಗಿ ಓದಲು ಬರಬೇಕು.

ನೇರವಾಗಿ ತರಗತಿಯಲ್ಲಿ ಕೂತು ಓದಬಲ್ಲವರಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವಿದೆ. ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆಯವರು ಅದರ ಮೊದಲ ಮುಖ್ಯಸ್ಥರಾಗಿದ್ದರು. ಶ್ರವಣಬೆಳಗೊಳದಲ್ಲಿ ಪ್ರಾಕೃತ ಅಧ್ಯಯನಕ್ಕೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಇದೆ. ಹತ್ತನೆಯ ತರಗತಿ ಮುಗಿಸಿದ ಗಂಡುಮಕ್ಕಳು ವಿದ್ಯಾರ್ಥಿನಿಲಯದಲ್ಲೇ ಇದ್ದು ಐದು ವರ್ಷ ಓದಿ 'ಶಾಸ್ತ್ರಿ' ಪದವಿ ಪಡೆಯಲು ಜೈಪುರದ ಟೋಡರಮಲ್ ಮಹಾವಿದ್ಯಾಲಯಕ್ಕೆ ಹೋಗುವುದೂ ಉಂಟು. ಶಾಸ್ತ್ರಿ ಎಂದರೆ ಬಿ.ಎ.ಗೆ ಸಮ, ಆಚಾರ್ಯ ಎಂದರೆ ಎಂ.ಎ.ಗೆ ಸಮ.

ಇನ್ನೊಂದು ದಾರಿಯನ್ನು ನಾವು ಮರೆಯುತ್ತೇವೆ. ಪಂಪ, ಪೊನ್ನ, ರನ್ನ, ಜನ್ನ ಎಲ್ಲರೂ ಜೈನ ಕವಿಗಳೇ. ಹಳಗನ್ನಡದಲ್ಲಿ ಆಸಕ್ತಿ ಇರುವವರು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದರೆ ಧರ್ಮವೂ ತಿಳಿಯುತ್ತದೆ, ಕನ್ನಡ ಅಧ್ಯಾಪಕರ ಕೆಲಸಕ್ಕೆ ಅರ್ಜಿ ಹಾಕಲೂ ಬರುತ್ತದೆ.

ನನ್ನಂತೆ ಪಿಯುಸಿಗೆ ಓದು ನಿಲ್ಲಿಸಿದವರು ನೇರವಾಗಿ ಎಂ.ಎ.ಗೆ ಸೇರಲು ಬರುವುದಿಲ್ಲ, ಮೊದಲು ಪದವಿ ಮುಗಿಸಬೇಕು. ಈಗಾಗಲೇ ಕಾಲೇಜಿನಲ್ಲಿ ಬೇರೆ ಪದವಿ ಓದುತ್ತಿರುವ ಮಕ್ಕಳು ಜೊತೆಗೇ ದೂರಶಿಕ್ಷಣದ ಪದವಿಯೊಂದನ್ನು ಓದಲು 2022ರಿಂದ ಅವಕಾಶವಿದೆ.

ಪಠ್ಯಕ್ರಮವನ್ನು ಮೊದಲೇ ತರಿಸಿ ಓದಿ

ದಿಗಂಬರ ಮನೆಯವರು, "ಅದು ಶ್ವೇತಾಂಬರ ಸಂಸ್ಥೆ, ಸೇರಬಹುದೇ?" ಎಂದು ಕೇಳುತ್ತಾರೆ. ಲಾಡನೂಂನದು ತೇರಾಪಂಥ ಪರಂಪರೆ ಎಂಬುದು ನಿಜ. ಅದರಿಂದ ಓದಿಗೆ ಬಾಧೆ ಇಲ್ಲ, ಆದರೆ ಏನು ಓದುತ್ತೇವೆ ಎಂಬುದು ತಿಳಿದಿರಲಿ. ಶ್ವೇತಾಂಬರರಲ್ಲಿ ಅರ್ಧಮಾಗಧಿಯ ಆಗಮಗಳು ಪ್ರಮಾಣ. ತೇರಾಪಂಥದವರು ಮತ್ತು ಸ್ಥಾನಕವಾಸಿಗಳು 32 ಆಗಮಗಳನ್ನು ಒಪ್ಪುತ್ತಾರೆ, ಮೂರ್ತಿಪೂಜಕರು 45 ಎನ್ನುತ್ತಾರೆ. ದಿಗಂಬರರಲ್ಲಿ ಶೌರಸೇನಿ ಪ್ರಾಕೃತದ ಷಟ್ಖಂಡಾಗಮ, ಕಸಾಯಪಾಹುಡ, ಕುಂದಕುಂದಾಚಾರ್ಯರ ಗ್ರಂಥಗಳು ಮುಖ್ಯ. ತತ್ತ್ವಾರ್ಥಸೂತ್ರ ಇಬ್ಬರಿಗೂ ಮಾನ್ಯ. ನಿಮಗೆ ಬೇಕಾದ ಗ್ರಂಥ ಪಠ್ಯದಲ್ಲಿ ಇದೆಯೇ ಎಂದು ನೋಡಿ ಸೇರಿ.

ಪರೀಕ್ಷಾ ಕೇಂದ್ರ ಎಲ್ಲಿ, ಪುಸ್ತಕ ಯಾವಾಗ ಕೈಸೇರುತ್ತದೆ, ಸಂದೇಹ ಬಂದರೆ ಕೇಳಲು ಅಧ್ಯಾಪಕರು ಸಿಗುತ್ತಾರೆಯೇ, ಪ್ರವೇಶ ಶುಲ್ಕದ ಮೇಲೆ ಪರೀಕ್ಷೆಗೆ, ಪ್ರಮಾಣಪತ್ರಕ್ಕೆ ಎಷ್ಟೆಷ್ಟು ಎಂದು ಬರಹದಲ್ಲೇ ಕೇಳಿ. ಸಾಧ್ಯವಾದರೆ ಅಲ್ಲಿ ಓದಿ ಮುಗಿಸಿದ ಒಬ್ಬರ ಜೊತೆ ಮಾತಾಡಿ.

ದೂರದಿಂದ ಕಲಿಯಲಾಗದ್ದು

ಅಭಿಷೇಕ, ಪೂಜೆ, ವಿಧಾನಗಳನ್ನು ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಪ್ರಾಕೃತ ಗಾಹೆಯನ್ನು ಓದುವ ಧಾಟಿಯೂ ಹಾಗೆಯೇ, ಕಿವಿಯಿಂದಲೇ ಬರಬೇಕು. ಬಸದಿಯ ಪುರೋಹಿತರಾಗಬೇಕು ಎನ್ನುವ ಹುಡುಗನಿಗೆ ಅಂಚೆಯ ಪದವಿಗಿಂತ ಗುರುಕುಲವೇ ಸರಿ.

ಕೆಲಸದ ಬಗ್ಗೆಯೂ ಮಕ್ಕಳಿಗೆ ನಿಜ ಹೇಳಿ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಪ್ರಾಕೃತ ಒಂದು ವಿಷಯ. ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ ಇನ್ನೊಂದು. 2024ರಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವೂ ಸಿಕ್ಕಿದೆ. ಆದರೂ ಈ ವಿಷಯದಲ್ಲಿ ಹುದ್ದೆಗಳು ಕಡಿಮೆ. ಜೀವನಕ್ಕೆ ಬೇರೊಂದು ದಾರಿ ಇಟ್ಟುಕೊಂಡು ಇದನ್ನು ಓದುವುದು ಒಳ್ಳೆಯದು.

ನನ್ನ ತಂಗಿಯ ಮಗಳು ಈಗ ಮತ್ತೆ ಎಂ.ಎ.ಗೆ ಸೇರಿದ್ದಾಳೆ, ಮಾನ್ಯತೆ ಇರುವ ಕಡೆಯಲ್ಲಿ. ಈ ಸಲ ಶುಲ್ಕ ಕಟ್ಟುವ ಮೊದಲು ಪಟ್ಟಿಯನ್ನು ಇಬ್ಬರೂ ಕೂತು ನೋಡಿದೆವು. ಹಿಂದೆ ಓದಿದ್ದು ವ್ಯರ್ಥವಾಗಲಿಲ್ಲ ಮಾವ, ಪಾಠ ಈಗ ಸುಲಭವಾಗಿದೆ ಎನ್ನುತ್ತಾಳೆ. ಅದು ಅವಳ ದೊಡ್ಡತನ. ತಾವು ಮಾತ್ರ ಮೊದಲ ಸಲವೇ ನೋಡಿ ಸೇರಿಸಿ.

ಜೈ ಜಿನೇಂದ್ರ.