ಯುದ್ಧಭೂಮಿಯಿಂದ ಸುದ್ದಿ ತಂದ ಮಹಿಳೆಯರು

ಮಹಾಭಾರತದ ಕಥೆ ನಮಗೆಲ್ಲ ಗೊತ್ತು. ಕುರುಕ್ಷೇತ್ರದಲ್ಲಿ ಹದಿನೆಂಟು ದಿನ ಯುದ್ಧ ನಡೆಯಿತು. ಕಣ್ಣು ಕಾಣದ ಧೃತರಾಷ್ಟ್ರ ಹಸ್ತಿನಾವತಿಯ ಅರಮನೆಯಲ್ಲೇ ಕುಳಿತಿದ್ದ. ಅವನಿಗೆ ರಣರಂಗದ ಸುದ್ದಿಯನ್ನು ಹೇಳಿದವನು ಸಂಜಯ. ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ಈ ಕಥೆ ಹೇಳುತ್ತಿದ್ದಾಗ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. “ಟೀಚರ್, ಹೆಂಗಸರು ಯಾರೂ ಯುದ್ಧದ ನ್ಯೂಸ್ ಹೇಳಲಿಲ್ವಾ?” ಎಂದು ಕೇಳಿದಳು. ಆಗ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ಮುಂದಿನ ವಾರ ಹೇಳುತ್ತೇನೆ, ಪುಟ್ಟಿ” ಎಂದು ತಪ್ಪಿಸಿಕೊಂಡೆ.

ತರಗತಿ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹೋಗಲು ಬಂದ ತಾಯಿ ನಗುತ್ತಲೇ ಹೇಳಿದರು: “ಇವಳು ದೊಡ್ಡವಳಾದ ಮೇಲೆ ಜರ್ನಲಿಸ್ಟ್ ಆಗ್ತಾಳಂತೆ ಮೇಡಂ. ಅದೂ ಯುದ್ಧ ನಡೆಯೋ ಕಡೆ ಹೋಗ್ತಾಳಂತೆ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ.” ನಗು ಇತ್ತು, ಆದರೆ ಆ ಮಾತಿನಲ್ಲಿ ಭಯವೂ ಇತ್ತು. ಮಗಳಿಗೆ ಉತ್ತರ ಕೊಡಬೇಕು, ತಾಯಿಗೂ ಉತ್ತರ ಕೊಡಬೇಕು. ಹೀಗೆ ಹುಡುಕಲು ಹೊರಟಾಗ ಸಿಕ್ಕಿದ ಮಾಹಿತಿಯನ್ನು ಈ ಲೇಖನದಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಏವನ್‌ಡೇಲ್‌ನ ಪಕ್ಕದಲ್ಲೇ

ಆಶ್ಚರ್ಯದ ಸಂಗತಿಯೆಂದರೆ, ನಾನು ಹುಡುಕುತ್ತಿದ್ದ ಮಹಿಳೆಯ ಹೆಜ್ಜೆಗುರುತು ನಮ್ಮ ಏವನ್‌ಡೇಲ್‌ನ ಮಗ್ಗುಲಲ್ಲೇ ಇತ್ತು. ಕ್ಯಾರಿಂಗ್ಟನ್ ರಸ್ತೆಯಲ್ಲಿ ಹೋಗುವಾಗ ಯೂನಿಟೆಕ್ ಆವರಣದಲ್ಲಿ ಇಟ್ಟಿಗೆಯ ದೊಡ್ಡ ಹಳೆಯ ಕಟ್ಟಡವೊಂದನ್ನು ನೀವೆಲ್ಲ ನೋಡಿರಬಹುದು. 1867ರಲ್ಲಿ ಆರಂಭವಾದ ಮಾನಸಿಕ ರೋಗಿಗಳ ಆಸ್ಪತ್ರೆ ಅದು. 1930ರ ದಶಕದಲ್ಲಿ ಜನ ಅದನ್ನು ಏವನ್‌ಡೇಲ್ ಆಸ್ಪತ್ರೆ ಎಂದೇ ಕರೆಯುತ್ತಿದ್ದರು. 1992ರಲ್ಲಿ ಆಸ್ಪತ್ರೆ ಮುಚ್ಚಿತು. ಆಮೇಲೆ ಆ ಕಟ್ಟಡ ಕಾಲೇಜಿನ ಪಾಲಾಯಿತು.

ಈ ಆಸ್ಪತ್ರೆಯ ಆವರಣದ ‘ಗ್ರೇ ಲಾಡ್ಜ್’ ಎಂಬ ಮನೆಯಲ್ಲಿ 1933ರಿಂದ 1937ರವರೆಗೆ ಒಬ್ಬ ಮಹಿಳೆ ತಾವಾಗಿಯೇ ದಾಖಲಾಗಿ ಚಿಕಿತ್ಸೆ ಪಡೆಯುತ್ತಿದ್ದರು. ಅವರ ಹೆಸರು ಐರಿಸ್ ವಿಲ್ಕಿನ್ಸನ್. ಸಾಹಿತ್ಯಲೋಕಕ್ಕೆ ಅವರು ರಾಬಿನ್ ಹೈಡ್ ಎಂದೇ ಪರಿಚಿತರು. ಹುಟ್ಟುವಾಗಲೇ ತೀರಿಕೊಂಡ ತಮ್ಮ ಮೊದಲ ಮಗುವಿಗೆ ಇಟ್ಟಿದ್ದ ಹೆಸರನ್ನೇ ಅವರು ತಮ್ಮ ಕಾವ್ಯನಾಮ ಮಾಡಿಕೊಂಡರು.

ರಾಬಿನ್ ಹೈಡ್ ಹುಟ್ಟಿದ್ದು 1906ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ, ಬೆಳೆದದ್ದು ವೆಲಿಂಗ್ಟನ್‌ನಲ್ಲಿ. ಅಂದರೆ ನಮ್ಮ ಹಾಗೆಯೇ ಹೊರಗಿನಿಂದ ಇಲ್ಲಿಗೆ ಬಂದ ಕುಟುಂಬ. 17ನೆಯ ವಯಸ್ಸಿಗೇ ‘ಡೊಮಿನಿಯನ್’ ಪತ್ರಿಕೆಗೆ ಸೇರಿದರು. ಮರುವರ್ಷವೇ ಮೊಣಕಾಲಿನ ಕಾಯಿಲೆ ಅವರನ್ನು ಹಿಡಿಯಿತು. ಅಂದಿನಿಂದ ಜೀವನವಿಡೀ ಕುಂಟುತ್ತಲೇ ನಡೆಯಬೇಕಾಯಿತು. ಆ ಕಾಲದ ಪತ್ರಿಕೆಗಳಲ್ಲಿ ಹೆಂಗಸರಿಗೆ ಮೀಸಲಾಗಿದ್ದ ಕೆಲಸವೆಂದರೆ ಮಹಿಳೆಯರ ಪುಟ: ಮದುವೆ, ಉಡುಪು, ಚಹಾಕೂಟ. ರಾಬಿನ್ ಹೈಡ್ ಕೂಡ ಹೊಟ್ಟೆಪಾಡಿಗಾಗಿ ಅದನ್ನು ಮಾಡಿದರು. ಸುಮಾರು ಅದೇ ಕಾಲದಲ್ಲಿ ನಮ್ಮ ಕರ್ನಾಟಕದಲ್ಲಿ ನಂಜನಗೂಡು ತಿರುಮಲಾಂಬ ಅವರು ಸ್ವಂತ ಪತ್ರಿಕೆ ಹೊರಡಿಸಿ ಹೆಣ್ಣುಮಕ್ಕಳೂ ಪತ್ರಿಕೆ ನಡೆಸಬಲ್ಲರು ಎಂದು ತೋರಿಸಿದ್ದನ್ನು ಇಲ್ಲಿ ನೆನೆಯಬಹುದು.

ಕೆಲಸದ ಒತ್ತಡ, ಬಡತನ, ಮದುವೆಯಿಲ್ಲದೆ ತಾಯಿಯಾದದ್ದಕ್ಕೆ ಸಮಾಜದ ಚುಚ್ಚುಮಾತಿನ ಹೆದರಿಕೆ ಎಲ್ಲ ಸೇರಿ ಅವರ ಮನಸ್ಸು ಕುಸಿದುಹೋಯಿತು. 1933ರಲ್ಲಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ಆಗ ಅವರನ್ನು ಉಳಿಸಿದ್ದು ಏವನ್‌ಡೇಲ್‌ನ ಆಸ್ಪತ್ರೆ. ಅಲ್ಲಿಯ ವೈದ್ಯರು ಅವರಿಗೆ ಬರೆಯುವಂತೆ ಹೇಳಿದರು. ಬರೆಯಲೆಂದೇ ಅಟ್ಟದ ಕೋಣೆಯೊಂದು ಅವರಿಗೆ ಸಿಕ್ಕಿತು. ನಾಲ್ಕು ವರ್ಷದಲ್ಲಿ ಅವರು ಕಾದಂಬರಿ, ಕವನ, ಲೇಖನ ಎಂದು ಬರೆದದ್ದಕ್ಕೆ ಲೆಕ್ಕವಿಲ್ಲ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ನ್ಯೂಜಿಲೆಂಡಿನ ಸೈನಿಕನೊಬ್ಬನನ್ನು ಮಾತನಾಡಿಸಿ ‘ಪಾಸ್‌ಪೋರ್ಟ್ ಟು ಹೆಲ್’ ಎಂಬ ಪುಸ್ತಕವನ್ನು 1936ರಲ್ಲಿ ಪ್ರಕಟಿಸಿದ್ದು ಈ ಅವಧಿಯಲ್ಲೇ. ಯುದ್ಧವೆಂದರೆ ಏನು ಎಂಬ ಪ್ರಶ್ನೆ ಅವರಿಗೆ ಈ ಊರಿನಲ್ಲಿದ್ದಾಗಲೇ ಅಂಟಿಕೊಂಡಿತ್ತು ಎನ್ನಬಹುದು.

ಚೀನಾದ ರಣರಂಗದಲ್ಲಿ

1938ರ ಜನವರಿಯಲ್ಲಿ ರಾಬಿನ್ ಹೈಡ್ ಇಂಗ್ಲೆಂಡಿಗೆ ಹೊರಟರು. ಹಾಂಗ್‌ಕಾಂಗ್ ತಲುಪಿದಾಗ ಮುಂದಿನ ದಾರಿ ಬದಲಾಯಿತು. ಜಪಾನಿನ ಸೈನ್ಯ ಹಿಂದಿನ ವರ್ಷವೇ ಚೀನಾದ ಮೇಲೆ ದಂಡೆತ್ತಿ ಬಂದಿತ್ತು. ಇಂಗ್ಲೆಂಡಿನ ಪ್ರಯಾಣವನ್ನು ಬದಿಗಿಟ್ಟು ಅವರು ಶಾಂಘೈಗೆ ಹೋದರು. ಅಲ್ಲಿ ನ್ಯೂಜಿಲೆಂಡಿನವರೇ ಆದ ರೀವಿ ಆಲಿ ಅವರನ್ನು ಕಂಡರು. ಮುಂದೆ ಕ್ಯಾಂಟನ್, ಹಾಂಕೌ ನಗರಗಳಿಗೆ ಹೋಗಿ, ರಣರಂಗಕ್ಕೆ ಹೋಗಲು ಚೀನಾದ ಅಧಿಕಾರಿಗಳಿಂದ ಅನುಮತಿ ಪಡೆದರು. ಊರುಗೋಲು ಹಿಡಿದು ನಡೆಯುವ, ಯಾವ ದೊಡ್ಡ ಪತ್ರಿಕೆಯ ಬೆಂಬಲವೂ ಇಲ್ಲದ ಹೆಣ್ಣುಮಗಳು ಹೀಗೆ ಷುಝೌ ನಗರ ತಲುಪಿದರು. ಅದು ಎರಡು ರೈಲುಮಾರ್ಗಗಳು ಕೂಡುವ ಆಯಕಟ್ಟಿನ ಸ್ಥಳ. ಆದ್ದರಿಂದಲೇ ಜಪಾನಿಗೆ ಅದು ಬೇಕಾಗಿತ್ತು.

1938ರ ಮೇ 19ರಂದು ಷುಝೌ ಜಪಾನಿನ ವಶವಾಯಿತು. ರಾಬಿನ್ ಹೈಡ್ ಆ ದಿನ ಅಲ್ಲೇ ಇದ್ದರು. ಕೆಲವು ವಾರ ಸೈನ್ಯದ ಆಳ್ವಿಕೆಯಲ್ಲಿ ನಗರದ ಜನ ಹೇಗೆ ಬದುಕಿದರು ಎಂಬುದನ್ನು ಕಣ್ಣಾರೆ ಕಂಡರು. ನಂತರ ಅಲ್ಲಿಂದ ಪಾರಾಗಲು ರೈಲು ಹಳಿಯ ಗುಂಟ ಕುಂಟುತ್ತಲೇ ನಡೆದರು. ಸೈನಿಕರಿಂದ ಪೆಟ್ಟು ತಿಂದರು, ಕಣ್ಣಿಗೆ ಗಾಯವಾಯಿತು. ಕೊನೆಗೆ ಜಪಾನಿನ ಅಧಿಕಾರಿಗಳು ಅವರನ್ನು ಚಿಂಗ್‌ಟಾವ್ ಬಂದರಿಗೆ ಕರೆದೊಯ್ದು ಬ್ರಿಟಿಷರ ಕೈಗೆ ಒಪ್ಪಿಸಿದರು. ಹಾಂಗ್‌ಕಾಂಗ್‌ನ ಆಸ್ಪತ್ರೆಯಲ್ಲಿ ಚೇತರಿಸಿಕೊಂಡು, ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್ ತಲುಪಿದರು.

ಅದೇ 1938ರ ಸೆಪ್ಟೆಂಬರ್‌ನಲ್ಲಿ ಭಾರತದಿಂದ ಐವರು ವೈದ್ಯರ ತಂಡವೊಂದು ಇದೇ ಯುದ್ಧದ ಗಾಯಾಳುಗಳ ಶುಶ್ರೂಷೆಗೆ ಚೀನಾಕ್ಕೆ ಹೋಯಿತು. ಅವರಲ್ಲಿ ಒಬ್ಬರು ನಮ್ಮ ವಿಜಾಪುರಕ್ಕೆ ಹತ್ತಿರದ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಅವರ ಹೆಸರನ್ನು ನಮ್ಮ ಹಿರಿಯರು ಬಲ್ಲರು. ನ್ಯೂಜಿಲೆಂಡಿನಿಂದ ಒಬ್ಬ ವರದಿಗಾರ್ತಿ, ಭಾರತದಿಂದ ಒಬ್ಬ ವೈದ್ಯ: ಇಬ್ಬರೂ ಪರರ ಯುದ್ಧದಲ್ಲಿ ಪರರ ನೋವನ್ನು ತಮ್ಮದೆಂದುಕೊಂಡರು.

ತಾವು ಕಂಡದ್ದನ್ನು ರಾಬಿನ್ ಹೈಡ್ ‘ಡ್ರ್ಯಾಗನ್ ರ‍್ಯಾಂಪಂಟ್’ ಎಂಬ ಪುಸ್ತಕದಲ್ಲಿ ಬರೆದರು. ಅದು 1939ರಲ್ಲಿ ಲಂಡನ್‌ನಲ್ಲಿ ಪ್ರಕಟವಾಯಿತು. ಆದರೆ ಬಡತನ, ಅನಾರೋಗ್ಯ ಮತ್ತು ಮನಸ್ಸಿನ ಖಿನ್ನತೆ ಅವರನ್ನು ಬಿಡಲಿಲ್ಲ. ಅದೇ ವರ್ಷ ಆಗಸ್ಟ್ 23ರಂದು ಲಂಡನ್‌ನಲ್ಲಿ ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಆಗ ಅವರ ವಯಸ್ಸು ಕೇವಲ 33. ಅದಾದ ಒಂಬತ್ತನೆಯ ದಿನಕ್ಕೆ ಎರಡನೆಯ ಮಹಾಯುದ್ಧ ಆರಂಭವಾಯಿತು.

ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ನಾನು ಬಹಳ ಯೋಚಿಸಿದೆ. ಮುಚ್ಚಿಟ್ಟರೆ ಅವರಿಗೆ ಅನ್ಯಾಯ ಮಾಡಿದಂತೆ ಎಂದು ತೋರಿತು. ಕಾಲು ನೋಯುವಂತೆ ಮನಸ್ಸೂ ನೋಯುತ್ತದೆ. ಅದಕ್ಕೂ ಔಷಧಿಯಿದೆ, ವೈದ್ಯರಿದ್ದಾರೆ. ‘ಹುಚ್ಚಾಸ್ಪತ್ರೆ’ ಎಂದು ನಾವು ಹಗುರವಾಗಿ ಆಡುವ ಜಾಗದಲ್ಲೇ ಈ ಹೆಣ್ಣುಮಗಳಿಗೆ ನಾಲ್ಕು ವರ್ಷ ಬದುಕು ಮರಳಿ ಸಿಕ್ಕಿತು, ಬರಹ ಸಿಕ್ಕಿತು. ನಮ್ಮ ಮನೆಯ ಮಕ್ಕಳಾಗಲಿ, ಹಿರಿಯರಾಗಲಿ ಮನಸ್ಸಿಗೆ ಭಾರವಾದಾಗ ಹತ್ತಿರದವರೊಡನೆ ಹೇಳಿಕೊಳ್ಳಬೇಕು. ಈ ದೇಶದಲ್ಲಿ 1737 ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಬಹುದು.

ಕೇಟ್ ವೆಬ್ ಎಂಬ ಧೀರೆ

ನ್ಯೂಜಿಲೆಂಡಿನ ಇನ್ನೊಂದು ದೊಡ್ಡ ಹೆಸರು ಕೇಟ್ ವೆಬ್. 1943ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಹುಟ್ಟಿ, ಆಸ್ಟ್ರೇಲಿಯಾದಲ್ಲಿ ಬೆಳೆದವರು. 1967ರಲ್ಲಿ ಕೆಲಸ ಬಿಟ್ಟು, ಸ್ವಂತ ಖರ್ಚಿನಲ್ಲಿ ವಿಯೆಟ್ನಾಂಗೆ ಹೋದರು. ಮುಂದೆ ಯುಪಿಐ ಸುದ್ದಿಸಂಸ್ಥೆಗೆ ಸೇರಿದರು. 1971ರ ಏಪ್ರಿಲ್‌ನಲ್ಲಿ ಕಾಂಬೋಡಿಯಾದ ಹೆದ್ದಾರಿಯೊಂದರಲ್ಲಿ ಉತ್ತರ ವಿಯೆಟ್ನಾಂನ ಸೈನಿಕರು ಅವರನ್ನೂ ಸಂಗಡಿಗರನ್ನೂ ಸೆರೆಹಿಡಿದರು. ಅವರು ಸತ್ತೇಹೋದರೆಂದು ಎಲ್ಲರೂ ನಂಬಿದರು. ‘ನ್ಯೂಯಾರ್ಕ್ ಟೈಮ್ಸ್’ ಮರಣವಾರ್ತೆಯನ್ನೂ ಪ್ರಕಟಿಸಿಬಿಟ್ಟಿತು. 23 ದಿನಗಳ ಸೆರೆಯ ನಂತರ, ಮಲೇರಿಯಾದಿಂದ ಬಳಲಿದ್ದ ಕೇಟ್ ವೆಬ್ ಜೀವಂತವಾಗಿ ಹೊರಬಂದರು! ಆಮೇಲೆ ಅವರು ಎಎಫ್‌ಪಿ ಸುದ್ದಿಸಂಸ್ಥೆಗಾಗಿ ಏಷ್ಯಾದ ಅನೇಕ ದೇಶಗಳಿಂದ ವರದಿ ಮಾಡಿದರು. 2007ರಲ್ಲಿ ತೀರಿಕೊಂಡರು. ಏಷ್ಯಾದಲ್ಲಿ ಅಪಾಯದ ನಡುವೆ ಕೆಲಸ ಮಾಡುವ ಪತ್ರಕರ್ತರಿಗಾಗಿ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದು ಸ್ಥಾಪನೆಯಾಗಿದೆ.

ಭಾರತದ ತಾಯಿ ಮಗಳು

ನಮ್ಮ ದೇಶದ ಕಥೆಯೂ ರೋಚಕವಾಗಿದೆ. 1965ರ ಭಾರತ-ಪಾಕಿಸ್ತಾನ ಯುದ್ಧದ ಸಮಯದಲ್ಲಿ ‘ಹಿಂದೂಸ್ತಾನ್ ಟೈಮ್ಸ್’ ಪತ್ರಿಕೆಯ ಪ್ರಭಾ ದತ್ ರಣರಂಗಕ್ಕೆ ಕಳಿಸಿ ಎಂದು ಕೇಳಿದರು. ಹೆಂಗಸೆಂಬ ಕಾರಣಕ್ಕೆ ಒಪ್ಪಿಗೆ ಸಿಗಲಿಲ್ಲ. ಅವರು ಪಂಜಾಬಿನಲ್ಲಿದ್ದ ಮನೆಯವರನ್ನು ನೋಡಿಬರುತ್ತೇನೆಂದು ರಜೆ ಹಾಕಿ, ನೇರವಾಗಿ ಖೇಮ್‌ಕರಣ್‌ಗೆ ಹೋಗಿ ವರದಿ ಕಳಿಸತೊಡಗಿದರು. ಪತ್ರಿಕೆ ಅದನ್ನು ಅಚ್ಚು ಹಾಕಿತು! ಅವರ ಮಗಳೇ ಬರ್ಖಾ ದತ್. 1999ರ ಕಾರ್ಗಿಲ್ ಯುದ್ಧದಲ್ಲಿ ಮಗಳು ಬೆಟ್ಟಗಳ ನಡುವಿನಿಂದ ಟಿವಿಯಲ್ಲಿ ವರದಿ ಮಾಡಿದ್ದನ್ನು ನಮ್ಮ ವಯಸ್ಸಿನವರು ನೋಡಿದ್ದೇವೆ. ತಾಯಿಗೆ ಬಾಗಿಲು ಮುಚ್ಚಿತ್ತು, ಮಗಳಿಗೆ ತೆರೆಯಿತು. ನಡುವೆ ಹೋದದ್ದು 34 ವರ್ಷ.

ಇಲ್ಲಿಯವರೆಗೆ ಹೇಳಿದವರಲ್ಲಿ ಒಂದು ಸಾಮ್ಯವನ್ನು ಗಮನಿಸಿದಿರಾ? ರಾಬಿನ್ ಹೈಡ್ ತಾವೇ ದಾರಿ ಬದಲಿಸಿ ಹೋದರು, ಕೇಟ್ ವೆಬ್ ಸ್ವಂತ ಹಣದಲ್ಲಿ ಹೋದರು, ಪ್ರಭಾ ದತ್ ರಜೆಯಲ್ಲಿ ಹೋದರು. ಯಾರನ್ನೂ ಯಾರೂ ಕಳಿಸಲಿಲ್ಲ.

ಮಹಿಳೆಯರೇ ಏಕೆ ಹೋಗಬೇಕು?

ಈ ಪ್ರಶ್ನೆಯನ್ನು ಹಲವರು ಕೇಳುತ್ತಾರೆ. ಉತ್ತರ ಸರಳ. ಯುದ್ಧದಲ್ಲಿ ಸೈನಿಕರು ಮಾತ್ರ ಇರುವುದಿಲ್ಲ. ನೀರಿಗಾಗಿ ಸಾಲು ನಿಂತ ಹೆಂಗಸರು, ಶಾಲೆ ಇಲ್ಲದ ಮಕ್ಕಳು, ಮನೆ ಬಿಟ್ಟು ಓಡಿದ ಬಸುರಿಯರು ಇರುತ್ತಾರೆ. ಅಫ್ಘಾನಿಸ್ತಾನದಂಥ ದೇಶಗಳಲ್ಲಿ ಪರಪುರುಷರು ಮನೆಯೊಳಗಿನ ಹೆಂಗಸರನ್ನು ಮಾತನಾಡಿಸುವಂತಿಲ್ಲ. ವರದಿಗಾರ್ತಿ ಹೋಗದಿದ್ದರೆ ಅವರ ಮಾತು ಹೊರಗೆ ಬರುವುದೇ ಇಲ್ಲ. 2021ರ ಆಗಸ್ಟ್ 17ರಂದು ತಾಲಿಬಾನ್ ಕಾಬೂಲ್‌ನಲ್ಲಿ ನಡೆಸಿದ ಮೊದಲ ಪತ್ರಿಕಾಗೋಷ್ಠಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಎದ್ದುನಿಂತು ಕೇಳಿದವರಲ್ಲಿ ಅಲ್ ಜಜೀರಾ ವಾಹಿನಿಯ ಷಾರ್ಲೆಟ್ ಬೆಲ್ಲಿಸ್ ಒಬ್ಬರು. ಅವರೂ ನ್ಯೂಜಿಲೆಂಡಿನವರೇ.

ಆದರೆ ಹೊರಗಿನಿಂದ ಹೋದವರು ಒಂದು ದಿನ ಮರಳಬಹುದು. ಅದೇ ನೆಲದ ಪತ್ರಕರ್ತೆಯರು ಎಲ್ಲಿಗೆ ಹೋಗಬೇಕು? ಅಫ್ಘಾನಿಸ್ತಾನದ ಎಷ್ಟೋ ಪತ್ರಕರ್ತೆಯರು 2021ರ ನಂತರ ಕೆಲಸ ಕಳೆದುಕೊಂಡರು. 2022ರ ಮೇ ತಿಂಗಳಲ್ಲಿ ಟಿವಿ ನಿರೂಪಕಿಯರು ಮುಖ ಮುಚ್ಚಿಕೊಂಡೇ ಸುದ್ದಿ ಓದಬೇಕೆಂಬ ಆಜ್ಞೆ ಬಂತು.

ರಕ್ಷಣೆ ಏನು?

ಕಾನೂನಿನ ರಕ್ಷಣೆ ಕಾಗದದ ಮೇಲೆ ಇದೆ. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಹೆಚ್ಚುವರಿ ಒಪ್ಪಂದದ 79ನೆಯ ವಿಧಿಯಂತೆ ಯುದ್ಧರಂಗದ ಪತ್ರಕರ್ತರನ್ನು ನಾಗರಿಕರೆಂದೇ ಕಾಣಬೇಕು. ಅವರ ಮೇಲೆ ದಾಳಿ ಮಾಡುವಂತಿಲ್ಲ. ಅದಕ್ಕಾಗಿಯೇ ಅವರು ‘ಪ್ರೆಸ್’ ಎಂದು ದೊಡ್ಡದಾಗಿ ಬರೆದ ಕವಚ ತೊಡುತ್ತಾರೆ. ಆದರೂ 2022ರ ಮೇ 11ರಂದು ಅಂಥ ಕವಚ ತೊಟ್ಟಿದ್ದ ಷಿರೀನ್ ಅಬು ಅಕ್ಲೆ ಜೆನಿನ್‌ನಲ್ಲಿ ಗುಂಡೇಟಿಗೆ ಬಲಿಯಾದರು. 2001ರಲ್ಲಿ ಶ್ರೀಲಂಕಾದಲ್ಲಿ ಒಂದು ಕಣ್ಣು ಕಳೆದುಕೊಂಡ ಮೇರಿ ಕಾಲ್ವಿನ್ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮತ್ತೆ ಯುದ್ಧರಂಗಕ್ಕೆ ಹೋದರು. 2012ರ ಫೆಬ್ರವರಿ 22ರಂದು ಸಿರಿಯಾದ ಹೋಮ್ಸ್ ನಗರದಲ್ಲಿ ಷೆಲ್ ದಾಳಿಯಲ್ಲಿ ಮಡಿದರು. ಇದಕ್ಕೆ ಸಿರಿಯಾದ ಸರ್ಕಾರವೇ ಹೊಣೆ ಎಂದು 2019ರಲ್ಲಿ ಅಮೆರಿಕದ ನ್ಯಾಯಾಲಯವೊಂದು ತೀರ್ಪು ನೀಡಿತು.

ಕೊನೆಯ ಮಾತು

‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ನಮ್ಮಲ್ಲಿದೆ. ಯುದ್ಧವೂ ದೂರದಿಂದ ನುಣ್ಣಗೇ ಕಾಣುತ್ತದೆ. ಹತ್ತಿರ ಹೋಗಿ ಅಲ್ಲಿನ ಕಲ್ಲುಮುಳ್ಳು ತೋರಿಸುವವರು ಈ ವರದಿಗಾರ್ತಿಯರು. ಸಂಜಯನಿಗೆ ವ್ಯಾಸರು ದಿವ್ಯದೃಷ್ಟಿ ಕೊಟ್ಟಿದ್ದರು. ಇವರಿಗೆ ಅದಿಲ್ಲ. ಇವರು ತಮ್ಮ ಎರಡು ಕಾಲು, ಎರಡು ಕಣ್ಣುಗಳನ್ನೇ ನಂಬಿ ಹೋಗಬೇಕು. ಕೆಲವರು ಅದನ್ನೂ ಕಳೆದುಕೊಳ್ಳುತ್ತಾರೆ.

ಮಕ್ಕಳೇ, ಮುಂದೆ ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಅಲ್ಲಿ ನಿಂತು ಕಂಡವರು ಯಾರು? ಅವರು ಯಾರ ಮಾತನ್ನು ನಮಗೆ ಕೇಳಿಸುತ್ತಿದ್ದಾರೆ? ಅಷ್ಟು ಮಾಡಿದರೆ ಸುಳ್ಳು ಸುದ್ದಿಗೆ ನೀವು ಬೇಗ ಮೋಸಹೋಗುವುದಿಲ್ಲ.

ಮುಂದಿನ ಶನಿವಾರ ಆ ಹುಡುಗಿಗೆ ರಾಬಿನ್ ಹೈಡ್ ಅವರ ಕಥೆ ಹೇಳಿದೆ. “ಅಷ್ಟು ಹತ್ತಿರದಲ್ಲೇ ಇದ್ದರಾ?” ಎಂದು ಅವಳ ಕಣ್ಣರಳಿತು. ಆಕೆಯ ತಾಯಿಗೆ ಮಾತ್ರ ಬುದ್ಧಿ ಹೇಳುತ್ತೇನೆಂದು ನಾನು ಮಾತು ಕೊಡಲಿಲ್ಲ. “ಅವಳು ಏನಾದರೂ ಆಗಲಿ, ಮೊದಲು ಕಂಡದ್ದನ್ನು ಕಂಡ ಹಾಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಲು ಕಲಿಯಲಿ” ಎಂದೆ. ಅವರು ಒಪ್ಪಿದರು. ಮರುವಾರವೇ ಹುಡುಗಿ ಅರ್ಧ ಪುಟ ಬರೆದು ತಂದಳು. ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ಆದರೆ ಅದರಲ್ಲಿ ಒಂದೂ ಸುಳ್ಳಿರಲಿಲ್ಲ.